ಒಳಗೆ ಬಿಟ್ಟ ಬಟ್ಟೆ

ಹೋದ ವಾರ ಟ್ರಂಕಿನ ತಳದಲ್ಲಿ ಒಂದು ರೇಷ್ಮೆ ರವಿಕೆ ಸಿಕ್ಕಿತು. ನೇರಳೆ ಬಣ್ಣ, ಸಾಸಿವೆ ಬಣ್ಣದ ಅಂಚು. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೊಂದು ಪರಿಮಳವೂ ಇದ್ದಂತೆ ಅನ್ನಿಸಿತು. ಸಕ್ಕರೆ ಬೆರೆಸಿ ಸುಟ್ಟ ಧೂಪದ ಪರಿಮಳ... ಇಷ್ಟು ವರ್ಷ ಅದು ಉಳಿದಿರಲಾರದು, ನನ್ನ ಮೂಗಿಗೆ ನೆನಪಿರಬೇಕು ಅಷ್ಟೆ. ಹಾಕಿಕೊಂಡು ನೋಡೋಣವೆಂದರೆ ಒಂದು ತೋಳು ಹೋಗುವಷ್ಟರಲ್ಲಿ ಏದುಸಿರು ಬಂತು.

ಅದನ್ನು ಹೊಲಿದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು, ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರಾಗಿದ್ದರೂ.

ತೊಂಬತ್ತರ ದಶಕದ ಕೊನೆಯ ಮಾತು. ಮೂರು ತಲೆಮಾರಿನಿಂದ ಮದರಾಸಿನ ತ್ರಿಪ್ಲಿಕೇನಿನಲ್ಲೇ ಬೇರುಬಿಟ್ಟ ಕನ್ನಡದ ಮನೆ ನಮ್ಮದು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಅಪ್ಪನ ಲೆಕ್ಕದಲ್ಲಿ ನಾನು ದಂಡಪಿಂಡ. ಹತ್ತಿರದ ಬೀದಿಯ ಮಹಡಿಯೊಂದರಲ್ಲಿ, ಆಫ್ರಿಕಾದಿಂದ ಬಂದು ಊರಲ್ಲಿ ನೆಲೆ ಹುಡುಕುತ್ತಿದ್ದವರಿಗೆ ಟೈಪಿಂಗು, ಹೊಲಿಗೆ, ಜೊತೆಗೆ ಆಡುಮಾತಿನ ತಮಿಳು ಮತ್ತು ಇಂಗ್ಲಿಷ್ ಕಲಿಸುತ್ತಿದ್ದರು. ಅಲ್ಲಿ ತಮಿಳು ಕಲಿಸಲು ಸೇರಿಕೊಂಡೆ. ಮನೆಯಲ್ಲಿ ಅರ್ಧ ತಮಿಳು ಅರ್ಧ ಕನ್ನಡ ಮಾತಾಡಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದವಳು ಪಾಠ ಹೇಳಲು ಕೂತದ್ದು ಊರಿಗೇ ತಮಾಷೆಯಾಗಿತ್ತು.

ಅಕ್ಕ ಸೊಮಾಲಿಯಾದವರು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಇಲ್ಲಿ ಕಾಲೇಜು ಓದುತ್ತಿದ್ದ ತಮ್ಮನ ಆಸರೆಗೆಂದು ಪುಟ್ಟ ಮಗಳೊಂದಿಗೆ ಬಂದಿದ್ದರು. ತಮ್ಮನ ಓದು ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ಇಲ್ಲೇ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡರೆ ಉಳಿಯಬಹುದು, ಇಲ್ಲದಿದ್ದರೆ ಅವನ ಹಿಂದೆ ಮತ್ತೊಂದು ಊರು. ಮಗಳಿಗೆ ಆಗಲೇ ಶಾಲೆಯಲ್ಲಿ ಗೆಳತಿಯರಾಗಿದ್ದರು. "ಇನ್ನೊಂದು ಊರು ಬೇಡ ಟೀಚರ್," ಎಂದು ಒಮ್ಮೆ ಅಂದಿದ್ದರು, ಅಷ್ಟೆ.

ನಮ್ಮ ರವಿಕೆಯನ್ನು ಮೊದಲ ಸಲ ನೋಡಿದಾಗ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಇಷ್ಟು ಚಿಕ್ಕ ಬಟ್ಟೆಗೆ ಇಷ್ಟೊಂದು ಕೊಕ್ಕೆಯೇ ಎಂದು. ಆದರೆ ಕೈ ಬೇಗ ಪಳಗಿತು. ಮೈ ಬಂದರೆ ಬಿಚ್ಚಿಕೊಳ್ಳಲೆಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುವುದು ಇಲ್ಲಿಯ ಪದ್ಧತಿ ಎಂದು ಹೇಳಿದಾಗ ಅವರಿಗೆ ಬಹಳ ಹಿಡಿಸಿತು. ಎಲ್ಲರಿಗಿಂತ ಜಾಸ್ತಿಯೇ ಬಿಡುತ್ತಿದ್ದರು.

ನಮ್ಮ ಬೀದಿಯ ಹೆಂಗಸರ ಬಟ್ಟೆಗಳನ್ನು ನಾನೇ ಒಯ್ದು ಕೊಡುತ್ತಿದ್ದೆ, ನಾನೇ ತಂದು ಮುಟ್ಟಿಸುತ್ತಿದ್ದೆ. ಟೈಲರ್ ಯಾರು ಎಂದು ಮೊದಲ ಸಲ ಯಾರೋ ಕೇಳಿದಾಗ ದೊಡ್ಡ ಬಟ್ಟೆ ಅಂಗಡಿಗಳಿರುವ ಟಿ. ನಗರದಲ್ಲಿ ಒಬ್ಬರು ಅಂದುಬಿಟ್ಟೆ. ಗುರುತಿಲ್ಲದ ಪರದೇಶಿ ಹೆಂಗಸಿನ ಕೈಗೆ ರೇಷ್ಮೆ ಬಟ್ಟೆ ಯಾರು ಕೊಡುತ್ತಾರೆ? ಕೆಲಸ ಮೆಚ್ಚಿಗೆಯಾದ ಮೇಲೆ ನಿಜ ಹೇಳಿದರಾಯಿತು ಎಂದುಕೊಂಡೆ. ಕೆಲಸ ಮೆಚ್ಚಿಗೆಯಾಯಿತು. ಜೊತೆಗೆ ಒಳ್ಳೆಯ ಟೈಲರ್ ಗೊತ್ತಿರುವ ಹುಡುಗಿ ಎಂದು ನನಗೂ ಬೀದಿಯಲ್ಲಿ ಬೆಲೆ ಬಂತು. ಅದು ರುಚಿಸಿತು, ಸುಳ್ಳೇಕೆ ಹೇಳಲಿ. ಲಾಡ್ಜುಗಳಲ್ಲಿದ್ದ ಆಫ್ರಿಕಾದವರ ಬಗ್ಗೆ ಅದೇ ಹೆಂಗಸರು ಆಡುತ್ತಿದ್ದ ಮಾತು ಕೇಳುತ್ತ ಕೇಳುತ್ತ ನಿಜ ಗಂಟಲಲ್ಲೇ ಉಳಿಯಿತು. ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ.

ಆ ವರ್ಷದ ನವರಾತ್ರಿಗೆ ಅಕ್ಕನನ್ನು ಗೊಂಬೆ ನೋಡಲು ಕರೆದದ್ದು ಅಮ್ಮ, ನಾನಲ್ಲ. ಮಡಿ ಮೈಲಿಗೆ ಎಂದು ದಿನವಿಡೀ ಒದ್ದಾಡುವ ಅಮ್ಮ! "ಕುಂಕುಮ ಇಟ್ಕೊಳ್ಳದಿದ್ರೆ ಬೇಡ ಬಿಡೇ. ನಮಗೆಲ್ಲ ರವಿಕೆ ಹೊಲಿದವಳಿಗೆ ಒಂದು ರವಿಕೆ ಕಣ ಕೊಡಬಾರದಾ?" ಎಂದರು. ಆ ಸಂಜೆ ಮೂಲೆಮನೆ ಮಾಮಿಯೂ ಬರುವವರಿದ್ದರು. ಅವರ ಮನೆಯ ಮೆಟ್ಟಿಲ ಕೆಳಗೆ, ಬೀದಿಗೆ ಬಾಗಿಲಿದ್ದ ಸಣ್ಣ ಕೋಣೆ ಖಾಲಿಯಿತ್ತು. ಅಕ್ಕನ ಕಣ್ಣು ಅದರ ಮೇಲೆಯೇ. ಎಲ್ಲರೆದುರು ನಿಮ್ಮನ್ನು ಪರಿಚಯ ಮಾಡಿಸುತ್ತೇನೆ, ಕೋಣೆಯ ಮಾತೂ ಎತ್ತುತ್ತೇನೆ ಎಂದು ನಾನೇ ಮಾತು ಕೊಟ್ಟೆ. ಯಾರಾದರೂ ಕೇಳಿದರೆ ಹೇಳಲು ಒಂದು ವಾಕ್ಯವನ್ನೂ ಕಲಿಸಿದೆ: "ನಾನ್ ದಾನ್ ತಚ್ಚೇನ್ ಮಾಮಿ." ನಾನೇ ಹೊಲಿದದ್ದು ಎಂದು. ಕತ್ತರಿಸುವಾಗ, ಕೊಕ್ಕೆ ಹಾಕುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದರು. "ಕರೆಕ್ಟಾ ಸೊಲ್ರೇನಾ, ಟೀಚರ್?" ಸರಿಯಾಗಿ ಹೇಳ್ತಿದ್ದೀನಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಆ ಸಂಜೆ ಈ ನೇರಳೆ ರವಿಕೆಯನ್ನೇ ಹಾಕಿದ್ದೆ. ಅಕ್ಕ ತಲೆತುಂಬ ಸೆರಗಿನಂಥ ಬಟ್ಟೆ ಹೊದ್ದು, ಧೂಪದ ಪರಿಮಳದೊಂದಿಗೆ ಬಂದು ಚಾಪೆಯ ಅಂಚಿನಲ್ಲಿ ಕೂತರು. ಮಾತಾಡುತ್ತಿದ್ದ ಹೆಂಗಸರು ಸುಮ್ಮನಾದರು. ಒಬ್ಬರು ಸ್ವಲ್ಪ ಸರಿದು ಕೂತರು. ಆ ಮೌನ ಮುರಿಯಲೆಂದೋ ಏನೋ, ಮೂಲೆಮನೆ ಮಾಮಿ ನನ್ನ ತೋಳು ಹಿಡಿದು ನೋಡಿ, "ಏಂಡಿ, ಇಂದ ಬ್ಲೌಸ್ ಎಂಗ ತಚ್ಚಿಂಡೆ?" ಎಂದರು. ಎಲ್ಲಿ ಹೊಲಿಸಿದೆ ಎಂದು.

ಅಕ್ಕ ಬೆನ್ನು ನೆಟ್ಟಗೆ ಮಾಡಿದ್ದು ಕಂಡಿತು. ತುಟಿ ತೆರೆದದ್ದೂ ಕಂಡಿತು. ಸರಿದು ಕೂತ ಆ ಹೆಂಗಸೂ ಕಂಡಳು... "ಟಿ. ನಗರ್ಲ, ಮಾಮಿ," ಎಂದೆ.

ನಾನು ಹೇಳಿದ್ದು ಅವರಿಗೆ ಅರ್ಥವಾಗದಿದ್ದರೆ ಒಳ್ಳೆಯದಿತ್ತು. ಅರ್ಥವಾಗುವಂತೆ ಕಲಿಸಿದ್ದವಳು ನಾನೇ. ಅವರು ಬಾಯಿ ಮುಚ್ಚಿಕೊಂಡು ಗೊಂಬೆಗಳ ಕಡೆ ತಿರುಗಿದರು. ಕೊಟ್ಟ ಉಸಲಿ ತಿಂದರು. ಅಮ್ಮನಿಂದ ತಾಂಬೂಲ, ರವಿಕೆ ಕಣ ಎರಡೂ ಕೈಯಲ್ಲಿ ತೆಗೆದುಕೊಂಡರು. ಹೊರಡುವಾಗ ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು ಎಂದು ಪಾಠದಲ್ಲಿ ಹೇಳಿದ್ದೆ. ಹಾಗೆಯೇ ಹೇಳಿ ಹೋದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಮಾತು ಕಲಿಸಿದವಳೂ ನೀನೇ, ಬಾಯಿ ಮುಚ್ಚಿಸಿದವಳೂ ನೀನೇ," ಎಂದವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಅಕ್ಕ ಮತ್ತೆ ತರಗತಿಗೆ ಬರಲಿಲ್ಲ. ಇವತ್ತು ಹೋಗಿ ಕ್ಷಮೆ ಕೇಳೋಣ, ನಾಳೆ ಹೋಗೋಣ ಎಂದು ದೀಪಾವಳಿಯೂ ಕಳೆಯಿತು. ಕೊನೆಗೆ ಹೋದಾಗ ಅವರಿದ್ದ ಕೋಣೆಗೆ ಬೀಗ. ತಮ್ಮನ ಜೊತೆ ಹೈದರಾಬಾದಿಗೆ ಹೋದರು ಎಂದು ಪಕ್ಕದವರು ಹೇಳಿದರು. ಮಗುವಿಗೆ ಮತ್ತೊಂದು ಊರು, ಮತ್ತೊಂದು ಭಾಷೆ. ಮೂಲೆಮನೆಯ ಕೋಣೆಯಲ್ಲಿ ಯಾರೋ ಝೆರಾಕ್ಸ್ ಅಂಗಡಿ ಇಟ್ಟರು. ಬಹಳ ವರ್ಷ ನಾನು ಬೀದಿಯ ಆಚೆ ಬದಿಯಲ್ಲೇ ನಡೆದೆ.

ಮೊನ್ನೆ ರವಿಕೆಯನ್ನು ಟೈಲರ್ ಬಳಿ ಒಯ್ದೆ. ಆತ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆ ನೋಡಿ ಹುಬ್ಬೇರಿಸಿದ. "ಇಪ್ಪೊಲ್ಲಾಂ ಯಾರುಂ ಇವ್ಳೋ ವಿಡ ಮಾಟ್ಟಾಂಗಮ್ಮಾ. ಯಾರ್ ತಚ್ಚದು?" ಈಗೆಲ್ಲ ಯಾರೂ ಇಷ್ಟು ಬಿಡುವುದಿಲ್ಲ, ಯಾರು ಹೊಲಿದದ್ದು ಎಂದು ಕೇಳಿದ. ಅಂಗಡಿಯಲ್ಲಿ ನಾಲ್ಕಾರು ಹೆಂಗಸರಿದ್ದರು. ತ್ರಿಪ್ಲಿಕೇನಿನಲ್ಲಿದ್ದ ಸೊಮಾಲಿಯಾದ ಅಕ್ಕ ಒಬ್ಬರು ಹೊಲಿದದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಪ್ಪಡಿಯಾ," ಹೌದಾ ಎಂದಷ್ಟೇ ಅಂದು ಆತ ಮುಂದಿನ ಗಿರಾಕಿಯ ಬಟ್ಟೆ ಕೈಗೆತ್ತಿಕೊಂಡ. ಯಾರೂ ತಲೆಯೆತ್ತಿ ನೋಡಲಿಲ್ಲ. ಇಷ್ಟೇ ಇತ್ತೇ ಅದು...

ರವಿಕೆ ಈಗ ಸರಿಯಾಗಿ ಕೂರುತ್ತದೆ. ಸರಿಯಾಗಿ ಹೇಳಿದೆನಾ ಅಕ್ಕ, ಎಂದು ಕೇಳಲು ಅವರಿಲ್ಲ.