ಮೂಡಣ ಗಡಿಯ ಕಲ್ಲು

ಬಸಲಿಂಗ ಮಾಸ್ತರ ಬೇಕಂತಲೇ ತಪ್ಪು ಹೇಳುತ್ತಿದ್ದ. ಏನೂ ಅರಿಯದವನ ಮುಖ ಮಾಡಿಕೊಂಡು, ಬಾಯಲ್ಲಿದ್ದ ಎಲೆ-ಅಡಿಕೆಯನ್ನು ಒಂದು ದವಡೆಗೆ ಸರಿಸಿ, ಎದುರಿಗಿದ್ದವರ ಹೊಲಕ್ಕೆ ಇಲ್ಲದ ಹೆಸರೊಂದನ್ನು ಅಂಟಿಸಿಬಿಡುತ್ತಿದ್ದ. ನಮ್ಮ ಹಳ್ಳಿ ಇಂದೂರಿನಲ್ಲಿ ಜನ ಅವನನ್ನು ಹಚ್ಚಿಕೊಂಡಷ್ಟು ಬೇರೆ ಯಾರನ್ನೂ ಹಚ್ಚಿಕೊಳ್ಳಲಿಲ್ಲ. ಅವನ ಮೇಲೆ ನನಗಿದ್ದಷ್ಟು ಹೊಟ್ಟೆಕಿಚ್ಚೂ ಇನ್ನಾರಿಗೂ ಇರಲಿಲ್ಲ.

ಒಂದೇ ಶಾಲೆಯಲ್ಲಿ ನಾನು ಇತಿಹಾಸ ಕಲಿಸಿದೆ, ಅವನು ಮಕ್ಕಳನ್ನು ಮೈದಾನದಲ್ಲಿ ಓಡಿಸಿದ. ಇಬ್ಬರೂ ನಿವೃತ್ತರಾದ ಮೇಲೆ ಊರ ಹಿರಿಯರು ನನ್ನನ್ನು ಕರೆಸಿ, ಹೊಲ, ಹಳ್ಳ, ಗಡಿಕಲ್ಲುಗಳ ಹಳೆಯ ಹೆಸರುಗಳನ್ನು ಬರೆದಿಡಿ, ಈಗಿನವರಿಗೆ ಸರ್ವೆ ನಂಬರಷ್ಟೇ ಗೊತ್ತು ಎಂದರು. ಕರೆಸಿದ್ದು ನನ್ನನ್ನು. ಮನೆಯಲ್ಲಿ ಕುಳಿತು ಬೇಸರವಾಗಿದೆ ಎಂದು ಬಸಲಿಂಗ ತಾನಾಗಿ ಬೆನ್ನು ಹತ್ತಿದ.

ಮೊದಲ ದಿನ ನೀಲವ್ವನ ಹೊಲಕ್ಕೆ ಹೋದೆವು. ನಾನು ನೇರವಾಗಿ ಹೆಸರು ಕೇಳಿದೆ. ಆಕೆ ಕುಡುಗೋಲು ನಿಲ್ಲಿಸದೆ, "ಹೊಲಕ್ಕ ಹೊಲಾನ ಅಂತಾರ್ರಿ" ಎಂದಳು. ಜಮೀನಿಗೆ ಏನೋ ಸಂಚಕಾರ ತಂದಿದ್ದೇವೆಂಬ ಅನುಮಾನ. ಬಸಲಿಂಗ ಸುತ್ತ ನೋಡಿ, ಇದು ಹುಣಸಿಗಿಡದ ಹೊಲ ಅಲ್ಲವೇ ಎಂದ. ನೀಲವ್ವನಿಗೆ ತಡೆಯಲಾಗಲಿಲ್ಲ. "ಯಾರ ಹೇಳಿದ್ರೋ ಯಪ್ಪಾ ನಿನಗ? ಇದು ಎತ್ತ ಬಿದ್ದ ಹೊಲ" ಎಂದವಳೇ ಎತ್ತಿನ ಬಣ್ಣ, ಅದು ಬಿದ್ದ ಬಾವಿ, ಮೇಲೆತ್ತಿದವರ ಹೆಸರು ಎಲ್ಲ ಹೇಳಿ ಬುತ್ತಿ ಬಿಚ್ಚಿದಳು. ರೊಟ್ಟಿ ಮೊದಲು ಹೋದದ್ದು ಅವನ ಕೈಗೆ.

ದಾರಿಯಲ್ಲಿ ಅವನು ನನಗೇ ಪಾಠ ಹೇಳಿದ. "ಕೇಳಿದ್ರ ಮಂದಿ ಬಾಯಿ ಬಿಡೂದಿಲ್ಲೋ ಈರಣ್ಣ. ತಪ್ಪ ಹೇಳು, ತಿದ್ದಾಕ ಓಡಿ ಬರ್ತಾರ. ಮಾಸ್ತರಕಿ ಅವರಿಗೆ ಬಿಟ್ಟುಕೊಡು." ಅದೊಂದನ್ನು ಬಿಟ್ಟುಕೊಡುವುದು ನನ್ನಿಂದಾಗಲಿಲ್ಲ.

ಒಂದು ಬದುವಿಗೆ ಸಾವಂತ್ರೆವ್ವನ ಬಾಂದು, ಒಂದು ಹಳ್ಳಕ್ಕೆ ದ್ಯಾಮಣ್ಣನ ಹಳ್ಳ ಎಂದೆಲ್ಲ ಬರೆದುಕೊಂಡೆ. ಯಾವ ಸಾವಂತ್ರೆವ್ವ, ಯಾವ ದ್ಯಾಮಣ್ಣ ಎಂದರೆ ಯಾರಿಗೂ ಗೊತ್ತಿಲ್ಲ, ಹೆಸರು ಮಾತ್ರ ನಿಂತಿದೆ. ಬರೆಯುತ್ತ ಬರೆಯುತ್ತ ನನಗೂ ಆಸೆ ಹುಟ್ಟಿತು. ಊರಲ್ಲಿ ಒಂದು ಕಲ್ಲಾದರೂ ನನ್ನ ಹೆಸರಿನಲ್ಲಿ ಉಳಿಯಬೇಕು. ಕಲ್ಲೂ ಸಿಕ್ಕಿತು. ಮೂಡಣ ಗಡಿಯಲ್ಲಿ ಮುಳ್ಳುಕಂಟಿ ಸರಿಸಿ, ಕೈಯೆಲ್ಲ ತರಚಿಕೊಂಡು, ನೆಲಕ್ಕೊರಗಿದ್ದ ಗಡಿಕಲ್ಲೊಂದನ್ನು ಪತ್ತೆ ಹಚ್ಚಿದೆ. ಅದಕ್ಕೆ ಈಚೆ ಊರಲ್ಲೂ ಹೆಸರಿಲ್ಲ, ಆಚೆ ಊರಲ್ಲೂ ಇಲ್ಲ.

ಬಸಲಿಂಗ "ಚಲೋ ಆತು" ಎಂದು ಅದರ ಮೇಲೆ ಕುಳಿತ. ಮೊಣಕಾಲು ನೋವಿನವನು, ಮರುದಿನದಿಂದ ಅದೇ ಅವನ ಜಾಗವಾಯಿತು. ನಾನು ಬಿಸಿಲಲ್ಲಿ ಬಾಂದು ಬಾಂದು ಅಲೆಯುವಾಗ ಎರಡೂ ಊರಿನವರು ಕೆಲಸ ಬಿಟ್ಟು ಅವನ ಸುತ್ತ ಕೂಡುತ್ತಿದ್ದರು. ಅವರ ನಗು ನನ್ನ ತನಕ ಕೇಳುತ್ತಿತ್ತು. ಈ ಕಲ್ಲು ಹುಡುಕಿದವ ಈರಣ್ಣ ಎಂದು ಬಂದವರಿಗೆಲ್ಲ ಅವನೇ ಹೇಳುತ್ತಿದ್ದನಂತೆ. ಅದನ್ನು ಕೇಳಿಯೂ ನನಗೆ ಸಮಾಧಾನವಾಗಲಿಲ್ಲ.

ಹೋದ ಮಳೆಗಾಲದಲ್ಲಿ ಬಸಲಿಂಗ ತೀರಿಕೊಂಡ. ಅವನ ಮಣ್ಣಿಗೆ ಸೇರಿದ ಜನರನ್ನು ಕಂಡು ಅವತ್ತೂ ನನಗೆ ಹೊಟ್ಟೆ ಉರಿಯಿತು. ಉರಿಯುತ್ತಲೇ ಅತ್ತೆ.

ಉಳಿದಿದ್ದ ಗಡಿ ಮುಗಿಸಲು ಈ ವರ್ಷ ಒಬ್ಬನೇ ಹೋದೆ. ಕಲ್ಲಿನ ಪಕ್ಕದ ಗೋವಿನಜೋಳದಲ್ಲಿ ಕಸ ತೆಗೆಯುತ್ತಿದ್ದವಳು ಹಳಿಯಾಳದ ಕಡೆಯಿಂದ ಹೊಸದಾಗಿ ಬಂದ ಸೊಸೆ. ಆಕೆಗೆ ನನ್ನ ಗುರುತಿಲ್ಲ, ಅವನನ್ನಂತೂ ನೋಡಿಯೇ ಇಲ್ಲ. ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ಅವನ ವಿದ್ಯೆಯನ್ನೇ ಹೂಡಿದೆ. ಏನೂ ಅರಿಯದವನ ಮುಖ ಮಾಡಿಕೊಂಡು, "ಇದು ಈರಣ್ಣ ಮಾಸ್ತರ ಕಲ್ಲು ಅಲ್ಲೇನವಾ?" ಎಂದೆ.

ಆಕೆ ಎದ್ದು ನಿಂತಳು. "ಯಾರ ಹೇಳಿದರ್ರೀ ಅಜ್ಜಾರ ನಿಮಗ? ಇದು ಬಸಲಿಂಗ ಮಾಸ್ತರ ಕಲ್ಲು."

ಯಾವ ಬಸಲಿಂಗ ಎಂದು ಕೇಳಿದೆ. ಅದು ತನಗೆ ಗೊತ್ತಿಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ ಎಂದಳು.

ಹೊಟ್ಟೆಯುರಿಯಲ್ಲೇ ಆ ಕಲ್ಲಿನ ಮೇಲೆ ಕುಳಿತು ಪೆನ್ನು ತೆಗೆದೆ. ಹೆಸರು ತಪ್ಪು ಬರೆದರೆ ತಿದ್ದಲಿಕ್ಕಾದರೂ ಅವನು ಓಡಿ ಬಂದಾನೇ ಎನ್ನಿಸಿತು. ಆದರೂ ಸರಿಯಾಗಿಯೇ ಬರೆದೆ.