ಪರದೆಯ ಹಿಂದಿನ ಹೆಣ್ಣುದನಿ

ಪಾವಗಡದ ಸುಡು ಬಿಸಿಲಿನಲ್ಲೂ ಅವರ ಕೊರಳಿಗೆ ಬೂದು ಬಣ್ಣದ ಉಣ್ಣೆ ಮಫ್ಲರ್ ಸುತ್ತಿರುತ್ತಿತ್ತು. ಅದನ್ನು ಬಿಚ್ಚಿದರೆ ಗಂಟಲಿನ ಉಬ್ಬು ನಿಂಬೆಹಣ್ಣಿನಷ್ಟು ದಪ್ಪಗೆ ಕಾಣುತ್ತಿತ್ತು. ಹಾಡುವಾಗ ಎಡಗೈಯ ಎರಡು ಬೆರಳನ್ನು ಆ ಉಬ್ಬಿನ ಮೇಲೆ ಒತ್ತಿ ಹಿಡಿಯುತ್ತಿದ್ದರು. ಆಗ ಆ ಗಿರಿಜಾ ಮೀಸೆಯ ಕೆಳಗಿನಿಂದ ಹದಿನಾರರ ಹುಡುಗಿಯ ದನಿ ಹೊರಡುತ್ತಿತ್ತು. ಮೊದಲ ಸಲ ಕೇಳಿದಾಗ ನಾನು ಗಿಟಾರ್ ಮೀಟುವುದನ್ನು ಮರೆತು ಅವರ ಬಾಯಿಯನ್ನೇ ನೋಡುತ್ತ ಕೂತಿದ್ದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಮಧುಗಿರಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದವನೊಬ್ಬ ಆರ್ಕೆಸ್ಟ್ರಾ ಕಟ್ಟಿದ್ದ. ಡ್ರಮ್ಮು, ಕಾಂಗೋ, ಅಕಾರ್ಡಿಯನ್, ಒಂದು ಎಲೆಕ್ಟ್ರಿಕ್ ಗಿಟಾರ್. ಗಿಟಾರಿನವನು ನಾನು. ಪಿಯುಸಿ ಫೇಲಾಗಿ, ಭುಜದವರೆಗೆ ಕೂದಲು ಬಿಟ್ಟು, ಬೆಲ್‌ಬಾಟಂ ತೊಟ್ಟು, ಯಾವುದೋ ದೇಶದ ರಾಕ್ ಬ್ಯಾಂಡಿನ ಫೋಟೋವನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದೆ. ನಾನೂ ಹಾಗೇ ಆಗಿಬಿಡುತ್ತೇನೆ ಅಂತ ನಂಬಿದ್ದೆ.

ಆರ್ಕೆಸ್ಟ್ರಾ ಕಾಲ ಎಂದರೆ ಈಗಲೂ ಕೆಲವರು ಬಾಯಿ ಚಪ್ಪರಿಸುತ್ತಾರೆ. ನನಗೆ ನೆನಪಾಗುವುದು ನಾತ. ನಮ್ಮನ್ನು ಸಿರಾ, ಕೊರಟಗೆರೆ ಎಂದು ಹೊತ್ತು ತಿರುಗುತ್ತಿದ್ದ ವ್ಯಾನು ಬೆಳಗ್ಗೆ ಕುರಿ ತುಂಬಿಕೊಂಡು ಸಂತೆಗೆ ಹೋಗುತ್ತಿತ್ತು. ಹಿಕ್ಕೆ ಗುಡಿಸುವಷ್ಟು ಮರ್ಯಾದೆಯನ್ನೂ ಯಾರೂ ತೋರಿಸುತ್ತಿರಲಿಲ್ಲ. ಮೈಕಿನ ಜಾಲರಿಯಲ್ಲಿ ಊರೂರಿನ ಭಾಷಣಕಾರರ ಎಲೆಅಡಿಕೆ ಎಂಜಲು ಒಣಗಿ ಕೂತಿರುತ್ತಿತ್ತು. ಆಂಪ್ಲಿಫೈಯರ್ ಮುಟ್ಟಿದರೆ ಶಾಕ್. ಊಟಕ್ಕೆ ನಮ್ಮ ಪಂಕ್ತಿ ಯಾವಾಗಲೂ ಕೊನೆಯದು, ಅದೂ ಕೈ ತೊಳೆಯುವ ಮೋರಿಯ ಪಕ್ಕ. ಸಾರಿಗೆ ಕೈ ಹಾಕುವಷ್ಟರಲ್ಲಿ ಕುಡಿದವನೊಬ್ಬ ಬಂದು, ಎದ್ದು ಕುಣಿಯೋ ಹಾಡು ಬಾರಿಸಿ ಎಂದು ರಟ್ಟೆ ಹಿಡಿದು ಎಬ್ಬಿಸುತ್ತಿದ್ದ. ಇದಕ್ಕೆ ಕಲಾಸೇವೆ ಎಂದು ಹೆಸರು.

ಈ ಹೇಸಿಗೆಯ ನಡುವೆ ಚೊಕ್ಕವಾಗಿದ್ದವರು ಆ ಮಫ್ಲರಿನ ಹಾಡುಗಾರರೊಬ್ಬರೇ. ನಮಗೆಲ್ಲ ಅಣ್ಣ. ವ್ಯಾನಿನಲ್ಲಿ ಒಗೆದ ಟವೆಲ್ ಹಾಸಿಯೇ ಕೂರುತ್ತಿದ್ದರು. ಮೈಕಿಗೆ ಕರ್ಚೀಫು ಸುತ್ತಿಯೇ ಬಾಯಿ ಹತ್ತಿರ ತರುತ್ತಿದ್ದರು. ಜೇಬಿನಲ್ಲಿ ಅತಿಮಧುರದ ಕಡ್ಡಿ. ಹಾಡಿಗೆ ಮುಂಚೆ ಅದನ್ನು ಅಗಿದು, ನನಗೂ ಒಂದು ಚೂರು ಮುರಿದು ಕೊಡುತ್ತಿದ್ದರು. ನನಗೇಕೆ, ನಾನು ಹಾಡುವವನಲ್ಲವಲ್ಲ ಎಂದರೆ, “ಸುಮ್ನೆ ಅಗಿ. ಬೀಡಿ ಸೇದೋದಾದ್ರೂ ತಪ್ತದೆ” ಎನ್ನುತ್ತಿದ್ದರು.

ಹಗಲಲ್ಲಿ ಅವರು ಮಧುಗಿರಿಯ ಜವಳಿ ಅಂಗಡಿಯೊಂದರ ಸೀರೆ ವಿಭಾಗದಲ್ಲಿದ್ದರು. ಒಮ್ಮೆ ಕೈ ಬೀಸಿದರೆ ಸೆರಗು ಚಾಪೆಯ ಮೇಲೆ ಉದ್ದಕ್ಕೆ ಹರಡಿ ನಿಲ್ಲುತ್ತಿತ್ತು. ಹೊಳವನಹಳ್ಳಿ ಕಡೆಯ ಹೆಂಗಸರೂ ಅವರ ಕೈಯಿಂದಲೇ ಸೀರೆ ನೋಡಬೇಕೆಂದು ಕಾದು ಕೂರುತ್ತಿದ್ದರು. ಮನೆಯಲ್ಲೂ ಅಂಗಡಿಯಲ್ಲೂ ಅಣ್ಣ ಹೇಳಿದ್ದು, ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ಬಾರಿಸುತ್ತೇನೆ ಎಂದು.

ತಾಲ್ಲೂಕಿನ ಸ್ಟೇಜಿಗೆ ಹಾಡಲು ಆಗ ಯಾವ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಹಾಗಾಗಿ ಗಂಡಸರೇ ಹೆಣ್ಣುದನಿ ತೆಗೆಯುವುದು ಎಲ್ಲ ಆರ್ಕೆಸ್ಟ್ರಾಗಳಲ್ಲೂ ಇತ್ತು. ನಮ್ಮ ಯಜಮಾನ ಒಂದು ಹೆಜ್ಜೆ ಮುಂದೆ ಹೋಗಿ, ಕರಪತ್ರದಲ್ಲಿ ‘ಬೆಂಗಳೂರಿನ ಗಾಯಕಿ’ ಎಂದು ಅಚ್ಚು ಹಾಕಿಸಿ, ಸ್ಟೇಜಿನ ಮೂಲೆಗೆ ಪರದೆ ಕಟ್ಟಿ, ಅಣ್ಣನನ್ನು ಅದರ ಹಿಂದೆ ಕೂರಿಸಿದ್ದ. ಆ ಸುಳ್ಳು ಅಣ್ಣನಿಗೆ ಸರಿ ಬರುತ್ತಿರಲಿಲ್ಲ. ಪರದೆ ಮಾತ್ರ ಬೇಕಿತ್ತು. “ಅದೊಂದು ಇರೋದ್ಕೆ ಕಣ್ಲಾ ನಾನು ಹಾಡೋದು. ಬೆಳಗಾದ್ರೆ ಹೆಣ್ಮಕ್ಳ ಮುಂದೆ ಕೂತು ಸೀರೆ ಹರವ್ಬೇಕು. ಅವ್ರು ನನ್ ಮುಖ ನೋಡಿ ನಗಂಗಾಗ್ಬಾರ್ದು” ಎಂದಿದ್ದರು ಒಮ್ಮೆ.

ಒಂದು ಮದುವೆಗೆ ನಮ್ಮನ್ನು ಕರೆಸಿದ್ದರು, ಪಾವಗಡದ ಕಡೆಯ ಊರಿನಲ್ಲಿ. ಗಂಡಿನವರು ಅಲ್ಲಿಯವರು, ಹೆಣ್ಣಿನವರು ಮಧುಗಿರಿಯವರು. ಸಂಜೆಯ ಆರತಕ್ಷತೆಗೆ ಚಪ್ಪರದ ತುಂಬ ನಮ್ಮೂರಿನ ಮುಖಗಳೇ, ನನ್ನ ಕಾಲೇಜಿನವರೂ ಇದ್ದರು. ಅಣ್ಣ ಪರದೆಯ ಅಂಚಿಗೆ ಪಿನ್ನು ಚುಚ್ಚಿ ಬಿಗಿ ಮಾಡಿಕೊಂಡು ಹಾಡಿದರು. ಗಂಡಿನ ತಾಯಿಗೆ ಆ ದನಿ ಎಷ್ಟು ಹಿಡಿಸಿತೆಂದರೆ, ಗಾಯಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ತಟ್ಟೆಯಲ್ಲಿ ಸೀರೆ, ರವಿಕೆ ಕಣ, ಬಳೆ, ಅರಿಶಿನ ಕುಂಕುಮ ಇಟ್ಟುಕೊಂಡು ಸ್ಟೇಜಿನ ಮೇಲೆ ಬಂದೇಬಿಟ್ಟರು. ಆಕೆಯ ತಪ್ಪೇನೂ ಇಲ್ಲ, ಕರಪತ್ರದಲ್ಲಿ ಅಚ್ಚಾದದ್ದನ್ನು ನಂಬಿದ್ದರು. ಕೆಳಗೆ ಹುಡುಗರು ಸಿಳ್ಳೆ ಶುರು ಮಾಡಿದರು. “ಆ ಹುಡ್ಗೀನ ಒಂದ್ಸಲ ತೋರ್ಸ್ರಯ್ಯಾ” ಎಂದು ಒಬ್ಬ ಕೂಗಿದ.

ಯಜಮಾನ ಕಕ್ಕಾಬಿಕ್ಕಿಯಾಗಲಿಲ್ಲ. ಗಾಯಕಿ ಇದೇ ಸೀರೆ ಉಟ್ಟುಕೊಂಡು ಬರುತ್ತಾರೆ ತಾಯಿ ಎಂದು ಹಲ್ಲು ಕಿರಿದು, ತಟ್ಟೆಯಿಂದ ಸೀರೆ ಇಸಿದುಕೊಂಡು ಪರದೆಯ ಹಿಂದೆ ಬಂದ. ನನ್ನನ್ನೂ ಎಳೆದುಕೊಂಡೇ ಬಂದ.

“ನಿನ್ಗೆ ಕೂದ್ಲೈತೆ, ಮೀಸೆ ಇಲ್ಲ. ಸುತ್ಕಂಡು ಹೋಗಿ ನಿಂತ್ಕ. ಬಾಯಿ ಆಡ್ಸು ಸಾಕು, ಅವ್ನು ಹಿಂದ್ಲಿಂದ ಹಾಡ್ತಾನೆ.”

ಕಾಂಗೋದವನು ನನ್ನ ಕೈ ಹಿಡಿದುಕೊಂಡ. ಬೆಲ್‌ಬಾಟಮ್ಮಿನ ಮೇಲೆ ಸೀರೆಯ ಒಂದು ಸುತ್ತು ಆಗಿಯೇ ಹೋಯಿತು. ರಾಕ್ ಸ್ಟಾರ್ ಆಗಲೆಂದು ಬೆಳೆಸಿದ ಕೂದಲಿಗೆ ಯಾರೋ ಹೂವು ಸಿಕ್ಕಿಸಲು ಬಂದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಣ್ಣ ಎದ್ದು ಬಂದು ಸುತ್ತು ಬಿಡಿಸಿ, ಸೀರೆಯನ್ನು ಅದರ ಮಡಿಕೆಯ ಗೆರೆಗೇ ಮಡಿಸಿದರು. “ಹುಡುಗನ್ನ ಬುಡು” ಎಂದರು. ಹಾಗಾದರೆ ನೀನೇ ಉಡು ಎಂದ ಯಜಮಾನ. ಅಣ್ಣ ಪರದೆ ಸರಿಸಿಕೊಂಡು ಬೆಳಕಿಗೆ ಹೋದರು.

ಸೀರೆಯನ್ನು ತಟ್ಟೆಗೆ ವಾಪಸು ಇಟ್ಟು, “ತಾಯಿ, ಹಾಡಿದ್ದು ನಾನೇ. ಇದನ್ನ ಮನೆ ಹೆಣ್ಮಗಳ್ಗೆ ಕೊಡಿ” ಎಂದು ಕೈ ಮುಗಿದರು. ಯಾರೂ ನಂಬಲಿಲ್ಲ. ಆಗ ಗಂಟಲಿಗೆ ಬೆರಳು ಒತ್ತಿ, ಪಕ್ಕವಾದ್ಯವಿಲ್ಲದೆ, ಆಗಷ್ಟೇ ಹಾಡಿದ್ದ ಹಾಡಿನದೇ ಒಂದು ಸಾಲು ಎತ್ತಿದರು. ಮೊದಲು ಮುಂದಿನ ಸಾಲಿನವರು ಪರದೆಯ ಹಿಂದೆ ಬಗ್ಗಿ ನೋಡಿದರು. ಆಮೇಲೆ ನಗು. ಅದೇ ದನಿಗೆ ಅರ್ಧ ಗಂಟೆ ಮುಂಚೆ ಕಣ್ಣೊರೆಸಿಕೊಂಡಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಮಕ್ಕಳಿರುವ ಒಬ್ಬ ದೊಡ್ಡ ಮನುಷ್ಯ ಮೇಲೆ ಹತ್ತಿ, ತಟ್ಟೆಯಲ್ಲಿದ್ದ ಬಳೆಯನ್ನು ಅಣ್ಣನ ಕೈಗೆ ತುರುಕಿದ. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಮಧುಗಿರಿಯ ಹುಡುಗರ ಗುಂಪಿನಿಂದ ಒಂದು ಅಡ್ಡಹೆಸರು ಹಾರಿ ಬಂತು. ಇಡೀ ಚಪ್ಪರ ಅದನ್ನು ಹಿಡಿದುಕೊಂಡು ಕೂಗಿತು. ಅಣ್ಣ ಆ ಕೂಗಿನಲ್ಲೇ ಹಾಡನ್ನು ಪೂರ್ತಿ ಮುಗಿಸಿ ಇಳಿದರು. ಮನುಷ್ಯರ ಬಗ್ಗೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಯಜಮಾನ ಮುಂದಿನ ಕರಪತ್ರದಲ್ಲಿ ‘ಹೆಣ್ಣುದನಿಯ ಗಂಡು, ಪರದೆ ಇಲ್ಲದೆ ನೇರವಾಗಿ ನೋಡಿರಿ’ ಎಂದು ಹಾಕಿಸಿದ. ಅಣ್ಣ ಆ ಕಡೆ ಕಾಲಿಡಲಿಲ್ಲ, ನಾನೂ ಬಿಟ್ಟೆ. ಅಷ್ಟರಲ್ಲಿ ಆ ಅಡ್ಡಹೆಸರು ಜವಳಿ ಅಂಗಡಿಗೂ ಮುಟ್ಟಿತ್ತು. ಹುಡುಗರು ಬಾಗಿಲಲ್ಲಿ ನಿಂತು ಕೀರಲು ದನಿಯಲ್ಲಿ ಕರೆಯುವುದು, ಸೀರೆ ನೋಡುವ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವುದು. ಅಂಗಡಿಯವರು ಅಣ್ಣನನ್ನು ಗೋದಾಮಿಗೆ ಕಳಿಸಿದರು. ಹಾಡನ್ನಂತೂ ಅಣ್ಣ ಪೂರ್ತಿ ನಿಲ್ಲಿಸಿಬಿಟ್ಟರು.

ನಾನು ಮತ್ತೆ ಪರೀಕ್ಷೆ ಕಟ್ಟಿ, ಓದಿ, ಸಿರಾ ಕಡೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾದೆ. ಕೆಲಸ ಸಿಕ್ಕಿದ್ದನ್ನು ಹೇಳಲು ಗೋದಾಮಿಗೆ ಹೋದಾಗ ಅಣ್ಣ ಬಟ್ಟೆಯ ಬೇಲುಗಳ ಮಧ್ಯೆ ಕೂತಿದ್ದರು. ಅವತ್ತು ಯಾಕೆ ಹೊರಗೆ ಬಂದಿರಿ ಎಂದು ಕೇಳಿಯೇಬಿಟ್ಟೆ. “ನಮ್ಮೂರಲ್ಲಿ ಒಂದ್ಸಲ ಹೆಸ್ರಿಟ್ರೆ ಸಾಯೋಗಂಟ ಬುಡಲ್ಲ. ನನ್ಗೆ ಆಗ್ಲೇ ಐವತ್ತಾಗಿತ್ತು, ಇನ್ನೆಷ್ಟು ದಿನ ಕರೆದಾರು? ನೀನು ಬಾಳೋನು” ಎಂದರು. ಆಮೇಲೆ, ಮೇಷ್ಟ್ರಾದೆಯಲ್ಲ, ಕೂದಲು ಕತ್ತರಿಸಿದ್ದು ಚೆನ್ನಾಗಿದೆ ಎಂದು ಬೇರೆ ಮಾತು ತೆಗೆದರು.

ಎಂಬತ್ತರ ದಶಕದ ನಡುವೆ ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು. ಮನೆ ಬದಲಾಯಿಸಿದ್ದರು. ಮಧುಗಿರಿಯಲ್ಲಿ ಬಸ್ಸಿಳಿದು, ಅವರ ಹೆಸರು ಹೇಳಿ ಮೂರು ಬೀದಿ ವಿಚಾರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಬೀಡಾ ಅಂಗಡಿಯವನು ಸುಣ್ಣ ಸವರುತ್ತಲೇ, ಯಾರು, ಅವನಾ ಎಂದು ಆ ಅಡ್ಡಹೆಸರು ಹೇಳಿ, ಮನೆ ತೋರಿಸಿದ. ಸತ್ತು ಅಂಗಳದಲ್ಲಿ ಮಲಗಿದ್ದವರನ್ನೂ ಊರು ಅದೇ ಹೆಸರಿನಲ್ಲಿ ಕರೆಯುತ್ತಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೆ ಬೀಳಬೇಕಾಗಿದ್ದ ಹೆಸರು ಅದು.