ಹಿನ್ನೀರಿನ ದಂಡೆಯಲ್ಲಿ ಚರಗ

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಬೀಳಗಿ ಸೀಮೆಯ ಹೊಲಗಳ ಮೇಲೆ ನಿಂತ ನಂತರ, ಚಳಿಗಾಲದಲ್ಲಿ ಅನಗವಾಡಿಯ ಕಡೆ ದೂರದೇಶದ ಹಕ್ಕಿಗಳು ಇಳಿಯತೊಡಗಿದ್ದವು. ತನ್ನ ನಾಡನ್ನು ಕಣ್ಣಾರೆ ಕಾಣದವನು ಅದನ್ನು ಕಾಯಲಾರ ಎಂಬುದು ನನ್ನ ದೃಢವಾದ ನಂಬಿಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಾದವನ್ನೆಲ್ಲ ಹೂಡಿ, ಬನಹಟ್ಟಿಯ ಮೂವರು ನೇಕಾರ ಗೆಳೆಯರ ಮಗ್ಗಗಳನ್ನು ಒಂದು ದಿನ ನಿಲ್ಲಿಸಿ, ಅವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಅಂದು ಎಳ್ಳಮಾಸಿ ಎಂಬುದು ನನ್ನ ಗಮನದಲ್ಲಿರಲಿಲ್ಲ.

ದಂಡೆಯಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿ ಇಳಿಸಿ ನಿಂತಿದ್ದಳು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ.

“ಅಣ್ಣಾರ, ಒಂಚೂರು ನನ್ನ ಹಿಂದ ಬರ್ತೀರೇನ್ರಿ? ನಮ್ಮ ಮನಿಯವ್ರಿಗೆ ಕಾರ್ಖಾನ್ಯಾಗ ಪಾಳಿ ಬಂದೈತಿ. ಚರಗಾ ಚೆಲ್ಲಬೇಕು, ಓಗೊಡಾಕ ಯಾರೂ ಇಲ್ಲ.”

“ಹೊಲ ಎಲ್ಲೈತ್ರಿ?” ಎಂದು ಕೇಳಿದೆ.

“ಇದ ಅಲ್ರಿ,” ಎಂದು ನೀರನ್ನು ತೋರಿಸಿದಳು.

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ; ಅಂದು ಹೊಲದಲ್ಲಿ ಭೂಮಿತಾಯಿಗೆ ಉಣಬಡಿಸುವುದೇ ಚರಗ. ಮುಂದಿನವರು ಎಡೆ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ ಆ ಕೂಗಿಗೆ ಓಗೊಡಬೇಕು. ಓಗೊಡದಿದ್ದರೆ ತಾಯಿ ಎಡೆ ಮುಟ್ಟುವುದಿಲ್ಲ ಎಂಬುದು ಅವಳ ಮನೆಯ ನಂಬಿಕೆ. ಏನು ಅನ್ನಬೇಕೆಂದು ಹೇಳಿಕೊಟ್ಟು, ತಂಬಿಗೆಯನ್ನು ನನ್ನ ಕೈಗಿತ್ತಳು.

“ಭಾಷಣಾ ಮಾಡಾಕ ನಿಂದರಬ್ಯಾಡಲೇ, ಒಂದ ಮಾತ ಐತಿ,” ಎಂದು ಗೆಳೆಯನೊಬ್ಬ ಕಿಚಾಯಿಸಿದ. ಅವಳೂ ಸೆರಗು ಬಾಯಿಗಿಟ್ಟು ನಕ್ಕಳು.

ಮೊಣಕಾಲುಮಟ್ಟದ ನೀರಿಗಿಳಿದು ಅವಳು ಎಡೆ ಚೆಲ್ಲಿ ಕೂಗಿದಳು. ಎಂಥ ಕಂಠ! ಆ ಕೂಗಿಗೆ, ನಡುಗಡ್ಡೆಯ ಮರೆಯಲ್ಲಿದ್ದ ಹಕ್ಕಿಗಳ ಹಿಂಡೆಲ್ಲ ಒಮ್ಮೆಲೇ ಮೇಲೆದ್ದಿತು. ಸಾವಿರ ರೆಕ್ಕೆಗಳ ಒಳಮೈಯ ಕೆಂಪು ಬಿಸಿಲಿಗೆ ಹೊತ್ತಿಕೊಂಡಂತಾಗಿ, ನೀರಿಗೂ ಅದೇ ಬಣ್ಣ ಇಳಿಯಿತು. ಗೆಳೆಯರು ಹೋ ಎಂದರು. ನಾನೂ ಕತ್ತೆತ್ತಿ ನೋಡುತ್ತ ನಿಂತೆ. ಇದಕ್ಕಾಗಿಯೇ ಬಂದದ್ದು ಸಾರ್ಥಕವಾಯಿತೆಂದು ಕೂಡ ಅಂದುಕೊಂಡೆ.

ಹಿಂಡು ದೂರ ಸರಿದ ಮೇಲೆ ನೋಡಿದರೆ, ಅವಳು ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು. ಕಾಯುತ್ತಿದ್ದಳು.

“ತಪ್ಪಾತ್ರಿ ತಂಗೀ. ಇನ್ನೊಮ್ಮಿ ಕೂಗ್ರಿ, ಈಗ ಅಂತೇನಿ.”

“ಮೊದಲನೇ ಕೂಗಿಗೇ ಅನ್ನಬೇಕ್ರಿ.” ನನ್ನತ್ತ ತಿರುಗಿ, “ಇರಲಿ ಬಿಡ್ರಿ. ನೀವು ಹಕ್ಕಿ ನೋಡಾಕ ಬಂದವ್ರು,” ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಆ ನೆಲ ಮುಳುಗಿದ್ದರಿಂದಲೇ ಆ ಹಕ್ಕಿಗಳು ಬಂದಿದ್ದವು ಎಂಬ ಸರಳ ಸತ್ಯವನ್ನು ನಾನು ಗೆಳೆಯರೆದುರು ಹೂಡಿದ ಯಾವ ವಾದದಲ್ಲೂ ಸೇರಿಸಿರಲಿಲ್ಲ.

ಅವಳು ತಂಬಿಗೆಯನ್ನು ತಾನೇ ತೆಗೆದುಕೊಂಡು, ಎಡೆಯ ಮೇಲೆ ನೀರು ಚಿಮುಕಿಸಿ, ತನ್ನ ಕೂಗಿಗೆ ತಾನೇ ಮೆಲ್ಲಗೆ ಓಗೊಟ್ಟಳು. ಬಳಿಕ ದಂಡೆಗೆ ಬಂದು ನಮ್ಮೆಲ್ಲರನ್ನೂ ಕೂಡಿಸಿ ಬಡಿಸಿದಳು. ಎರಡನೆಯ ಕಡುಬನ್ನು ನಾನು ಬೇಡವೆಂದರೂ ಬಿಡಲಿಲ್ಲ.